‘ರನ್’ ಕಂಡ ಕೂಡಲೇ ಓಡಬೇಡಿ

ಮನೆಯಲ್ಲಿ ಹಾಲು ಮುಗಿದಿದೆ. ಇಂಗ್ಲಿಷಿನಲ್ಲಿ ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’ ಎಂದಿದ್ದ ಈ ಸಾದಾ ಮಾತನ್ನು ಒಬ್ಬ ಹುಡುಗ ‘ನಾವು ಹಾಲಿನಿಂದ ಹೊರಗೆ ಓಡಿದ್ದೇವೆ’ ಎಂದು ಅನುವಾದ ಮಾಡಿ ನನ್ನ ಮೇಜಿನ ಮೇಲಿಟ್ಟಿದ್ದ. ಅವನೊಬ್ಬನದೇ ತಪ್ಪಲ್ಲ. ರನ್ ಅಂದ್ರೆ ಓಡು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿ ಬಿಟ್ಟಿರುತ್ತಾರೆ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನವರು ಈ ಪದವನ್ನು ಮತ್ತೆ ಪರಿಷ್ಕರಿಸಿದಾಗ ಕ್ರಿಯಾಪದಕ್ಕೇ 645 ಅರ್ಥ ಲೆಕ್ಕಕ್ಕೆ ಬಂದವು. 1989ರ ಆವೃತ್ತಿಯಲ್ಲಿ 430 ಅರ್ಥ ಇಟ್ಟುಕೊಂಡು ಮೆರೆಯುತ್ತಿದ್ದ ‘ಸೆಟ್’ ಹಿಂದೆ ಬಿತ್ತು. ಅಷ್ಟನ್ನೂ ನೆನಪಿಡೋದು ಬೇಡ. ಬೇಕಾದ ಒಂದನ್ನು ಹಿಡಿಯುವುದು ಹೇಗೆ ಅಂತ ನೋಡೋಣ.

ಹಂತ 1: ಹೆಸರೋ ಕೆಲಸವೋ ನೋಡಿ. ‘ರನ್’ಗೆ ಮುಂಚೆ ‘ಎ’ ಅಥವಾ ‘ದ’ ಇದ್ದರೆ ನಾಮಪದ. ಬ್ಯಾಂಕಿನ ಮೇಲೆ ‘ರನ್’ ಎಂದರೆ ಠೇವಣಿ ಇಟ್ಟವರೆಲ್ಲ ಹೆದರಿ ಒಟ್ಟಿಗೇ ದುಡ್ಡು ವಾಪಸ್ ಕೇಳುವುದು. 2021ರ ಜನವರಿ 2ರಂದು ದೇಶದಾದ್ಯಂತ ಕೋವಿಡ್ ಲಸಿಕೆಯ ಡ್ರೈ ರನ್ ನಡೆಯಿತಲ್ಲ, ಅದು ತಾಲೀಮು. ‘ಒಣ ಓಟ’ ಅಂತ ಬರೆದವರನ್ನೂ ನಾನು ನೋಡಿದ್ದೇನೆ.

ಹಂತ 2: ಯಾವುದು ‘ರನ್’ ಆಗುತ್ತಿದೆ ಎಂದು ಕೇಳಿ. ಇಂಗ್ಲಿಷಿಗೆ ಒಂದೇ ಪದ ಸಾಕು, ಕನ್ನಡದಲ್ಲಿ ವಸ್ತುವಿಗೆ ತಕ್ಕ ಹಾಗೆ ಪದ ಬದಲಾಗುತ್ತದೆ. ನಲ್ಲಿ ಸುರಿಯುತ್ತದೆ, ಮೂಗು ಸೋರುತ್ತದೆ, ನದಿ ಹರಿಯುತ್ತದೆ, ಹೊಸ ಸೀರೆ ಬಣ್ಣ ಬಿಡುತ್ತದೆ. ಹೋಟೆಲ್ ನಡೆಸುತ್ತಾರೆ, ಜ್ವರ ಬರುತ್ತದೆ. ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ನಾವು ನಿಲ್ಲುತ್ತೇವೆ. ಬ್ರಿಟನ್ನಿನವರೂ ನಮ್ಮ ಹಾಗೆ ನಿಲ್ಲುವವರೇ.

ಇಲ್ಲೊಂದು ಮಾತು. ಒಂದು ಸಲ ಬೈಸಿಕೊಂಡವರು ಆಮೇಲೆ ‘ಓಡು’ ಅನ್ನುವ ಪದಕ್ಕೇ ಹೆದರುತ್ತಾರೆ. ‘ಸಿನಿಮಾ ನೂರು ದಿನ ಯಶಸ್ವಿಯಾಗಿ ಪ್ರದರ್ಶನಗೊಂಡಿತು’ ಎಂದು ಬರೆಯುತ್ತಾರೆ. ಯಾಕೆ? ನೂರು ದಿನ ಓಡಿತು ಅನ್ನಿ. ಬಸ್ಸೂ ಓಡಲಿ, ಗಡಿಯಾರವೂ ಓಡಲಿ.

ಹಂತ 3: ಬಾಲ ನೋಡಿ. ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ರನ್ ಆದ ಮೇಲೆ ಔಟ್, ಇನ್‌ಟು, ಅಪ್, ಓವರ್ ಅಂತ ಪುಟ್ಟ ಪದ ಅಂಟಿಕೊಂಡಿರುತ್ತದೆ. ಎರಡನ್ನೂ ಬಿಡಿಸಿ ಅರ್ಥ ಹಚ್ಚಿದರೆ ಕೆಟ್ಟಿತು. ರನ್ ಇನ್‌ಟು ಎಂದರೆ ‘ಒಳಗೆ ಓಡು’ ಅಲ್ಲದೇ ಇರಬಹುದು. ಸಂತೆಯಲ್ಲಿ ಹಳೇ ಗೆಳೆಯ ಅಚಾನಕ್ಕಾಗಿ ಸಿಕ್ಕರೂ ಅದೇ, ಕಾರು ಮರಕ್ಕೆ ಗುದ್ದಿದರೂ ಅದೇ.

ಕೆಲವು ಕಡೆ ಬಾಲ ನಿಜವಾಗಿ ಅಂಟಿದೆಯೋ, ಸುಮ್ನೆ ಪಕ್ಕದಲ್ಲಿ ಕೂತಿದೆಯೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ‘ರ‍್ಯಾನ್ ಅಪ್ ಎ ಹಿಲ್’, ‘ರ‍್ಯಾನ್ ಅಪ್ ಎ ಬಿಲ್’ ಎರಡನ್ನೂ ತೆಗೆದುಕೊಳ್ಳಿ. ‘ಅಪ್’ ಅನ್ನು ಕಿತ್ತು ಕೊನೆಗೆ ಹಾಕಿ. ‘ರ‍್ಯಾನ್ ಎ ಬಿಲ್ ಅಪ್’ ಸರಿಯಾಗಿ ಕೇಳುತ್ತದೆ, ಅಂದರೆ ಇಲ್ಲಿ ರನ್, ಅಪ್ ಎರಡೂ ಸೇರಿ ಒಂದೇ ಪದ: ಬಿಲ್ ಬೆಳೆಸಿಕೊಂಡ. ‘ರ‍್ಯಾನ್ ಎ ಹಿಲ್ ಅಪ್’ ಅಂತ ಯಾರೂ ಅನ್ನುವುದಿಲ್ಲ. ಅಲ್ಲಿ ಅವನು ನಿಜವಾಗಲೂ ಗುಡ್ಡ ಹತ್ತಿ ಓಡಿದ್ದಾನೆ.

ಪರೀಕ್ಷೆ ಎಲ್ಲಾ ಕಡೆ ನಡೆಯಲ್ಲ, ‘ಓವರ್’ ಅದಕ್ಕೂ ಬಗ್ಗದ ತಂಟೆಕೋರ. ಕಾರು ನಾಯಿಯ ಮೇಲೆ ಹರಿಯಿತು. ಮೀಟಿಂಗು ಹೇಳಿದ ಹೊತ್ತಿಗೆ ಮುಗಿಯದೆ ಎಳೆಯಿತು. ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿದಳು. ಪಕ್ಕದ ಮನೆಗೆ ಓಡಿಹೋಗಿ ಬಂದಳು. ನಾಲ್ಕಕ್ಕೂ ಇಂಗ್ಲಿಷಿನಲ್ಲಿ ‘ರ‍್ಯಾನ್ ಓವರ್’ ನಡೆಯುತ್ತದೆ. ಬೇರೆ ಉಪಾಯ ಇಲ್ಲ, ಹಿಂದಿನ ಮುಂದಿನ ವಾಕ್ಯ ಓದಲೇಬೇಕು.

ಹಂತ 4: ಈಗ ನಿಘಂಟು ತೆಗೆಯಿರಿ, ಮೊದಲೇ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಾರುವ ಅಂಗೈಯಗಲದ ನಿಘಂಟು ಬೇಡವೇ ಬೇಡ. ಅದರಲ್ಲಿ ‘ಓಡು, ಓಟ, ಧಾವಿಸು’ ಅಂತ ಮೂರು ಇರುತ್ತವೆ, ಮೂರೂ ಒಂದೇ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಳ್ಳಿ. ಕೆಲವರು ಗೌರವದಿಂದ ಕಿಟೆಲ್ ತೆಗೆಯುತ್ತಾರೆ. 1894ರ ಆ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ, ನಿಮಗೆ ಬೇಕಾಗಿರುವುದು ಉಲ್ಟಾ. ಮೊಬೈಲಿನ ಅನುವಾದ ಬಳಸುವುದಾದರೆ ಪೂರ್ತಿ ವಾಕ್ಯ ಕೊಡಿ. ಬರೀ ‘ರನ್’ ಕೊಟ್ಟರೆ ಅದೂ ಶಾಲೆಯ ಪಾಠವನ್ನೇ ಒಪ್ಪಿಸುತ್ತದೆ.

ಹಂತ 5: ಬರೆದ ಕನ್ನಡವನ್ನು ಇಂಗ್ಲಿಷ್ ಮೂಲ ನೋಡದೇ ಇರುವವರಿಗೆ ಗಟ್ಟಿಯಾಗಿ ಓದಿ ಹೇಳಿ. ನಾನು ಅಮ್ಮನಿಗೆ ಓದುತ್ತೇನೆ. ಒಮ್ಮೆ ಬೇಕೆಂದೇ ‘ಮಗುವಿನ ಮೂಗು ಓಡುತ್ತಿದೆ’ ಎಂದು ಓದಿದೆ. ಕಾಯಿ ತುರಿಯುತ್ತಿದ್ದವರು ತಲೆ ಎತ್ತಲಿಲ್ಲ. “ಎಲ್ಲಿಗೆ?” ಅಂದರು.