ಅವ್ವನ ಹೆಬ್ಬೆಟ್ಟು, ತಮ್ಮನ ಕಾರ್ಡು

ಅವ್ವನ ಹೃದಯದ ಕವಾಟ ಬದಲಿಸಬೇಕೆಂದು ವೈದ್ಯರು ಹೇಳಿದ ದಿನ ನಾನು ಮಾಡಿದ ಮೊದಲ ಕೆಲಸವೇ ದಂಡ. ಮಂಡ್ಯದ ನಾಡಕಚೇರಿಗೆ ಓಡಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ. ಆದರೆ ಸರ್ಕಾರದ ಚಿಕಿತ್ಸಾ ನೆರವಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯವರು ಕೇಳಿದ್ದು ಪಡಿತರ ಚೀಟಿ ಮತ್ತು ಆಧಾರ್. ಆದಾಯದ ಲೆಕ್ಕ ಚೀಟಿ ಕೊಡುವಾಗಲೇ ಮುಗಿದಿರುತ್ತದೆ: ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಬಿಪಿಎಲ್.

ನನ್ನ ಸಂಬಳ ಅಡ್ಡ ಬರುತ್ತದೆಂಬ ಅಳುಕಿತ್ತು. ಆದರೆ ನಾನು ಮೈಸೂರಿನಲ್ಲಿ ಬೇರೆ ಮನೆ, ಬೇರೆ ಚೀಟಿ. ಅವ್ವನ ಹೆಸರು ಊರಿನಲ್ಲಿರುವ ತಮ್ಮನ ಬಿಪಿಎಲ್ ಚೀಟಿಯಲ್ಲಿದೆ. ಆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ನನ್ನಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಪ್ರೀತಿಯಿಂದ ಅವ್ವನನ್ನು ನನ್ನ ಚೀಟಿಗೆ ಸೇರಿಸಿಕೊಂಡಿದ್ದರೆ ಕೆಟ್ಟೇ ಹೋಗುತ್ತಿತ್ತು!

ಗ್ರಾಮ ಒನ್ ಕೇಂದ್ರದಲ್ಲಿ ಯೋಜನೆಯ ಕಾರ್ಡ್ ಮಾಡಿಸಲು ಹೋದಾಗ ಯಂತ್ರ ಅವ್ವನ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ನಲವತ್ತು ವರ್ಷ ಕಬ್ಬು, ಭತ್ತ ಕೊಯ್ದ ಬೆರಳು, ಗೆರೆಗಳೇ ಸವೆದಿವೆ. ಸೆರಗಿನಿಂದ ಒರೆಸಿ ಒತ್ತಿದಳು, ನೀರು ಮುಟ್ಟಿಸಿ ಒತ್ತಿದಳು. ಆರನೆಯ ಸಲಕ್ಕೆ, ಎಡಗೈಯ ಉಂಗುರದ ಬೆರಳು ಹಿಡಿಯಿತು.

ಇಷ್ಟಾದ ಮೇಲೂ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಿ ಎಂದರು. ಕಾರ್ಡ್ ತೋರಿಸಿದರೆ, 'ರೆಫರಲ್ ಎಲ್ಲಿ?' ಎಂದು ಕೇಳಿದರು. ನಿಯಮ ಅದೇ: ತುರ್ತು ಪ್ರಕರಣ ಬಿಟ್ಟರೆ ಖಾಸಗಿಗೆ ನೇರವಾಗಿ ಹೋಗುವಂತಿಲ್ಲ, ಸರ್ಕಾರಿ ಆಸ್ಪತ್ರೆಯವರು ತಮ್ಮಲ್ಲಿ ಆಗದೆಂದು ಬರೆದು ಕಳುಹಿಸಬೇಕು. ಅದನ್ನು ಮೊದಲೇ ಹೇಳುವವರು ಯಾರೂ ಇರಲಿಲ್ಲ. ಮರುದಿನ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ತೋರಿಸಿದೆವು. ಅಲ್ಲಿಂದ ಪತ್ರ ಹಿಡಿದು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋದೆವು. ಅಲ್ಲಿ ಆರೋಗ್ಯ ಮಿತ್ರ, ಅಂದರೆ ರೋಗಿಗಳಿಗೆ ನೆರವಾಗುವ ಯೋಜನೆಯ ಸಿಬ್ಬಂದಿ, ಸಿಕ್ಕ ಮೇಲೆ ಕಾಗದದ ತಲೆನೋವು ಅರ್ಧ ಇಳಿಯಿತು. ಯೋಜನೆಯ ಅನುಮತಿ ಬರುವ ಮುಂಚೆ ಯಾರಿಗೂ ಹಣ ಕೊಡಬೇಡಿ ಎಂದು ಅವರೇ ಎಚ್ಚರಿಸಿದರು.

ಪಕ್ಕದ ಮನೆಯವರದು ಎಪಿಎಲ್ ಕಾರ್ಡು. ಹಾಲಿನ ಸಂಘದ ಸದಸ್ಯರಾದ್ದರಿಂದ ಅವರಿಗೆ ಸಹಕಾರ ಸಂಘಗಳ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿ ನೋಡಿ ಎಂದೆ. ನೋಂದಣಿಗೆ ಗಡುವಿರುತ್ತದೆ, ಕಾಯಿಲೆ ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ.

ಬಿಡುಗಡೆಯ ದಿನ ಮತ್ತೆ ಹೆಬ್ಬೆಟ್ಟು ಕೇಳಿದರು. ಒಂದೇ ಸಲಕ್ಕೆ ಬಂತು. ಒಂದೂವರೆ ತಿಂಗಳಿನಿಂದ ಅವ್ವ ಕುಡುಗೋಲು ಮುಟ್ಟಿರಲಿಲ್ಲವಲ್ಲ.