ಆರ್ಕಿಟೆಕ್ಚರೂ ಬೇಕು, ಸಿವಿಲ್ಲೂ ಬೇಕು ಅನ್ನುವವರು ಓದುವುದು ಹೇಗೆ?

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನೀವು ಮುಂದೆ ಆರ್ಕಿಟೆಕ್ಟ್ ಅನ್ನಿಸಿಕೊಳ್ಳಬೇಕಾ? ಹಾಗಾದರೆ ಬಿ.ಆರ್ಕ್‌ಗೇ ಸೇರಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಬಿ.ಇ. ಸಿವಿಲ್ ಮುಗಿಸಿ ಎಷ್ಟೇ ಡಿಸೈನ್ ಕಲಿತರೂ ಅಷ್ಟರಿಂದ ನೋಂದಣಿ ಸಿಗುವುದಿಲ್ಲ. ಇನ್ನೂ ಗೊಂದಲ ಇದ್ದರೆ ಪಿಯುಸಿಯಲ್ಲಿ ಪಿಸಿಎಂ ತಗೊಂಡು ಸಿಇಟಿ, ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆಯಾದ ನಾಟಾ ಎರಡನ್ನೂ ಬರೆಯಿರಿ.

ಬಿ.ಆರ್ಕ್ 5 ವರ್ಷ, ಬಿ.ಇ. 4 ವರ್ಷ. ಒಂದಾದ ಮೇಲೊಂದು ಎರಡನ್ನೂ ಓದಬೇಡಿ ಅಂತಲೇ ನನ್ನ ಸಲಹೆ. ಸ್ಪೇನಿನ ಸ್ಯಾಂಟಿಯಾಗೊ ಕಲಾಟ್ರಾವಾ ವೆಲೆನ್ಸಿಯಾದಲ್ಲಿ ಆರ್ಕಿಟೆಕ್ಚರ್ ಮುಗಿಸಿ ಜ್ಯೂರಿಕ್‌ನಲ್ಲಿ ಸಿವಿಲ್ ಓದಿದರು, ನಿಜ. ಆದರೆ ದೆಹಲಿಯಲ್ಲಿದ್ದ ಹಾಲ್ ಆಫ್ ನೇಷನ್ಸ್ ಎಂಬ ಪ್ರದರ್ಶನ ಭವನ ನೋಡಿ. ಆರ್ಕಿಟೆಕ್ಟ್ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್. ಇಬ್ಬರೂ ಸೇರಿ 1972ರಲ್ಲಿ ಕಾಂಕ್ರೀಟಿನಲ್ಲೇ ಸ್ಪೇಸ್ ಫ್ರೇಮ್ (ಕಡ್ಡಿಗಳನ್ನು ಮೂರೂ ದಿಕ್ಕಿಗೆ ಹೆಣೆದ ಚೌಕಟ್ಟು) ನಿಲ್ಲಿಸಿದರು, ಒಳಗೆ ನಡುವೆ ಒಂದೂ ಕಂಬ ಇಲ್ಲದ ಹಾಗೆ. 2017ರಲ್ಲಿ ಅದನ್ನು ಕೆಡವಿಬಿಟ್ಟರು, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಅರ್ಥ ಆಗುವಷ್ಟು ಕಲಿತರೆ ಸಾಕು, ಅಲ್ವಾ?

ಅದಕ್ಕೆ ಕಾಲೇಜು ಆರಿಸುವಾಗ ಎರಡೂ ವಿಭಾಗ ಇರುವ ಕಡೆ ನೋಡಿ, ಬೆಂಗಳೂರಿನ ರಾಮಯ್ಯ, ಹುಬ್ಬಳ್ಳಿಯ ಕೆಎಲ್ಇ ಟೆಕ್ ತರಹ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಎರಡೂ ಒಂದೇ ವಿಭಾಗದಲ್ಲಿವೆ, ಮಕ್ಕಳು ಜೊತೆಯಾಗಿ ಪ್ರಾಜೆಕ್ಟ್ ಮಾಡುತ್ತಾರೆ. ನಮ್ಮಲ್ಲಿ ಆ ಜೊತೆಯನ್ನು ನೀವೇ ಹುಡುಕಿಕೊಳ್ಳಬೇಕು.

ಹೇಗೆ? ಸ್ಟುಡಿಯೋದಲ್ಲಿ, ಅಂದರೆ ಡಿಸೈನ್ ಕ್ಲಾಸಿನಲ್ಲಿ, ಮಾಡುವ ಪ್ರತಿ ಪ್ಲಾನಿಗೂ ಒಂದು ತೊಲೆಯನ್ನಾದರೂ ಕೈಯಲ್ಲೇ ಲೆಕ್ಕ ಹಾಕಿ, ಸಾಫ್ಟ್‌ವೇರ್ ಆಮೇಲೆ. ಒಂದು ಶಾಲೆ ಕೊಠಡಿ ಅಂದುಕೊಳ್ಳಿ. ಸ್ಪ್ಯಾನ್, ಅಂದರೆ ತೊಲೆಯ ಎರಡು ಆಧಾರಗಳ ನಡುವಿನ ದೂರ, 6 ಮೀಟರ್, ತೊಲೆಗಳ ನಡುವೆ 3 ಮೀಟರ್. 150 ಮಿಲಿಮೀಟರ್ ಸ್ಲ್ಯಾಬ್‌ನ ತೂಕ ಚದರ ಮೀಟರಿಗೆ 3.75 ಕಿಲೋನ್ಯೂಟನ್, ತರಗತಿಯ ಲೈವ್ ಲೋಡ್ (ಜನ, ಬೆಂಚುಗಳ ಭಾರ) 3, ನೆಲಹಾಸಿಗೆ 1. ಒಟ್ಟು 7.75. ಅದನ್ನು 3ರಿಂದ ಗುಣಿಸಿದರೆ ತೊಲೆಯ ಪ್ರತಿ ಮೀಟರಿಗೆ ಸುಮಾರು 23. ತುದಿಗಳಲ್ಲಿ ಸುಮ್ನೆ ಕೂತಿರುವ ತೊಲೆ ಅಂದುಕೊಂಡರೆ, ಅದರ ಸ್ವಂತ ತೂಕ ಬಿಟ್ಟು, ತೊಲೆಯನ್ನು ಬಗ್ಗಿಸುವ ಮೊಮೆಂಟ್ (ಆ ಭಾರವನ್ನು ಸ್ಪ್ಯಾನಿನ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿ) ಸುಮಾರು 105 ಕಿಲೋನ್ಯೂಟನ್ ಮೀಟರ್. ತೊಲೆಯ ಎತ್ತರಕ್ಕೆ ಸ್ಪ್ಯಾನನ್ನು 12ರಿಂದ ಭಾಗಿಸಿ, ಮೊದಲ ಅಂದಾಜಿಗೆ 500 ಮಿಲಿಮೀಟರ್ ಬರುತ್ತದೆ. ಈಗ ಚೆಂದಕ್ಕೆ ಅಂತ ಸ್ಪ್ಯಾನ್ 9 ಮೀಟರ್ ಮಾಡಿ ನೋಡಿ. ಮೊಮೆಂಟ್ ಎರಡೂಕಾಲು ಪಟ್ಟು ಏರುತ್ತದೆ, ತೊಲೆ 750 ಆಗುತ್ತದೆ, ಛಾವಣಿಯ ಎತ್ತರ ಬದಲಾಗುತ್ತದೆ, ಅದರ ಜೊತೆ ಕಿಟಕಿ, ಮೆಟ್ಟಿಲು ಎಲ್ಲವೂ. ಈ ಕಾಗದ ಹಿಡಿದು ಸಿವಿಲ್ ಗೆಳೆಯರ ಹತ್ತಿರ ಹೋಗಿ, ಜ್ಯೂರಿಯ (ಡಿಸೈನ್ ತೋರಿಸಿ ಪ್ರಶ್ನೆಗಳಿಗೆ ಉತ್ತರಿಸುವ ಪರೀಕ್ಷೆಯ) ಹಿಂದಿನ ವಾರ ಅಲ್ಲ, ಪ್ಲಾನ್ ಇನ್ನೂ ಪೆನ್ಸಿಲಿನಲ್ಲಿರುವಾಗಲೇ.

ಸಿವಿಲ್‌ನಲ್ಲಿರುವವರು ತಮ್ಮ ಮನೆಯನ್ನೇ ಟೇಪ್ ಹಿಡಿದು ಅಳೆದು ಪ್ಲಾನ್, ಸೆಕ್ಷನ್ ಬರೆಯಲಿ. ಆರ್ಕಿಟೆಕ್ಚರ್ ಜ್ಯೂರಿಗಳಲ್ಲಿ ಕೂತು ಕೇಳಲಿ.

ಬಿ.ಆರ್ಕ್ ಮಾಡಿದವರಿಗೆ ನಮ್ಮಲ್ಲಿ ಸ್ಟ್ರಕ್ಚರಲ್ ಎಂ.ಟೆಕ್ ಸಿಗುವುದು ಕಷ್ಟ, ಸಾಮಾನ್ಯವಾಗಿ ಸಿವಿಲ್ ಡಿಗ್ರಿ ಕೇಳುತ್ತಾರೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿರುವ ಬಿಲ್ಡಿಂಗ್ ಟೆಕ್ನಾಲಜಿ, ಎರಡೂ ಕಡೆಯವರನ್ನು ತೆಗೆದುಕೊಳ್ಳುವ ಜರ್ಮನಿಯ ಸ್ಟುಟ್‌ಗಾರ್ಟ್‌ನ ಐಟೆಕ್ ತರಹದ ಮಾಸ್ಟರ್ಸ್ ಕೋರ್ಸ್ ನೋಡಿ. ಅರ್ಜಿ ಹಾಕುವಾಗ ಚೆಂದದ ರೆಂಡರಿಂಗ್ ಜೊತೆ ಆ ತೊಲೆ ಲೆಕ್ಕದ ಹಾಳೆಗಳನ್ನೂ ಪೋರ್ಟ್‌ಫೋಲಿಯೊದಲ್ಲಿ ಇಡಿ.