ಗರಗವೋ ಗಬ್ಬು ಸಾವಂತಿಯೋ? ಹೂವಿನ ಕೆಳಗೆ ನೋಡಿ

ಗರಗ (ಭೃಂಗರಾಜ) ಎಂದುಕೊಂಡು ಕಿತ್ತದ್ದು ಎಷ್ಟೋ ಸಲ ಗಬ್ಬು ಸಾವಂತಿ ಎಂಬ ಕಳೆಗಿಡವಾಗಿರುತ್ತದೆ. ಎರಡೂ ಸೂರ್ಯಕಾಂತಿಯ ಬಳಗದವು. ಎರಡರಲ್ಲೂ ಗೆಣ್ಣಿಗೆ ಎರಡರಂತೆ ಎದುರುಬದುರು ಎಲೆ, ದೂರದಿಂದ ಹೂವೂ ಬೆಳ್ಳಗೆ. ದೂರದಿಂದ ಬಣ್ಣವಷ್ಟೇ ನೋಡಿ ಹೆಸರು ಹೇಳಲು ಹೋದರೆ ಎಡವುವುದು ಖಂಡಿತ. ತೊಟ್ಟು ಮತ್ತು ಬೀಜವನ್ನು ನೋಡಿದರೆ ಅನುಮಾನ ಉಳಿಯುವುದಿಲ್ಲ.

ಒಂದು ಸ್ಕೇಲು, 10 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಇಟ್ಟುಕೊಳ್ಳಿ.

ಮೊದಲು ಹೂವಿನ ತೊಟ್ಟು ಅಳೆಯಿರಿ. ಗಬ್ಬು ಸಾವಂತಿಯದು ಎಲೆಯಿಲ್ಲದ, ರೋಮ ತುಂಬಿದ ಉದ್ದ ತೊಟ್ಟು, 10 ಸೆಂ.ಮೀ. ದಾಟುವುದು ಮಾಮೂಲು, ತುದಿಯಲ್ಲಿ ಒಂದೇ ಹೂವು. ಗರಗದ ಹೂವು ಎಲೆ ಕಾಂಡಕ್ಕೆ ಸೇರುವ ಕಂಕುಳಿನಿಂದ ಹೊರಟ ಗಿಡ್ಡ ತೊಟ್ಟಿನ ಮೇಲಿರುತ್ತದೆ.

ಈಗ ಮಸೂರ ಹಿಡಿಯಿರಿ. ನಾವು ಒಂದು ಹೂವು ಎನ್ನುವುದು ನಿಜವಾಗಿ ಹತ್ತಾರು ಪುಟ್ಟ ಹೂಗಳ ಗೊಂಚಲು. ಅಂಚಿನ ಒಂದೊಂದು ಎಸಳೂ ಒಂದೊಂದು ಹೂವೇ. ಗಬ್ಬು ಸಾವಂತಿಯಲ್ಲಿ ಅಂಥ ಎಸಳು ಸಾಮಾನ್ಯವಾಗಿ 5, ಕೆನೆಬಣ್ಣ, ಅಗಲವಾಗಿ ತುದಿಯಲ್ಲಿ ಮೂರು ಹಲ್ಲು, ನಡುವೆ ಹಳದಿ. ಗರಗದಲ್ಲಿ ಕೂದಲಿನಷ್ಟು ಸಣ್ಣ ಬಿಳಿ ಎಸಳುಗಳು ಒತ್ತೊತ್ತಾಗಿರುತ್ತವೆ, ನಡುಭಾಗವೂ ಮಾಸಲು ಬಿಳಿಯೇ. ಇಡೀ ಹೂವು 1 ಸೆಂ.ಮೀ. ಇದ್ದರೆ ಹೆಚ್ಚು. ನಡುವೆ ಹಳದಿ ಕಂಡರೆ ಅದು ಗರಗವಲ್ಲ.

ಎಲೆ ಮುಟ್ಟುವ ಮುನ್ನ ಒಂದು ಎಚ್ಚರಿಕೆ: ಎಲೆ ಕ್ಯಾರೆಟ್ ಸೊಪ್ಪಿನಂತೆ ಸೀಳುಸೀಳಾಗಿದ್ದು, ಚಿಕ್ಕ ಬಿಳಿ ಹೂಗಳು ಗೊಂಚಲಾಗಿದ್ದರೆ ಅದು ಪಾರ್ಥೇನಿಯಂ. ಚರ್ಮಕ್ಕೆ ತುರಿಕೆ ತರುತ್ತದೆ, ಮುಟ್ಟಬೇಡಿ.

ಗರಗದ ಎಲೆ ಈಟಿಯಂತೆ ಕಿರಿದು, ಒರಟು, ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು, ಅಂಚಿನ ಹಲ್ಲು ಆಳವಿಲ್ಲದ್ದು. ಗಬ್ಬು ಸಾವಂತಿಯ ಎಲೆಗೆ ತೊಟ್ಟಿದೆ, ಅಂಚು ಆಳವಾಗಿ, ಅಡ್ಡಾದಿಡ್ಡಿಯಾಗಿ ಕಚ್ಚಿದಂತಿದೆ. ನೆರಳಲ್ಲಿ ಬೆಳೆದ ಎಲೆ ದೊಡ್ಡದಾಗಿ, ಒಣನೆಲದ್ದು ಸಣ್ಣದಾಗಿ ಮೋಸ ಮಾಡುತ್ತದೆ. ಆದ್ದರಿಂದ ಕಾಂಡದ ನಡುಭಾಗದ ಎಲೆಯನ್ನೇ, ಐದಾರು ಗಿಡಗಳಲ್ಲಿ ನೋಡಿ.

ಇನ್ನೂ ಅನುಮಾನವೇ? ಹಸಿ ಕಾಂಡ ಮುರಿದು ಬಿಳಿ ಕಾಗದಕ್ಕೆ ಒತ್ತಿ ಕೆಲವು ನಿಮಿಷ ಕಾಯಿರಿ. ಗರಗದ ರಸ ಕಪ್ಪಾಗುತ್ತದೆ. ಬಾಡಿದ ಕಾಂಡದಲ್ಲಿ ರಸ ಸಾಲದು, ಪರೀಕ್ಷೆ ಕೈಕೊಡುತ್ತದೆ.

ಗಬ್ಬು ಸಾವಂತಿಯಂತೆ ಕಂಡು ಮೋಸ ಮಾಡುವ ಕಳೆಗಳು ಇನ್ನೂ ಎರಡಿವೆ: ಗ್ಯಾಲಿನ್ಸೋಗ ಮತ್ತು ಬೈಡೆನ್ಸ್. ಗ್ಯಾಲಿನ್ಸೋಗದ ಹೂವಿನಲ್ಲೂ ಮೂರು ಹಲ್ಲಿನ 5 ಬಿಳಿ ಎಸಳು, ಹಳದಿ ನಡು. ಆದರೆ ಹೂವು ಅರ್ಧ ಸೆಂ.ಮೀ. ಅಷ್ಟೇ, ತೊಟ್ಟೂ ಗಿಡ್ಡ. ಬೈಡೆನ್ಸ್‌ನಲ್ಲಿ ಒಂದೇ ಎಲೆ 3 ಅಥವಾ 5 ಕಿರುಎಲೆಗಳಾಗಿ ಒಡೆದಿರುತ್ತದೆ, ಸೂಜಿಯಂಥ ಕಪ್ಪು ಬೀಜ ಬಟ್ಟೆಗೆ ಅಂಟುತ್ತದೆ.

ಫೋಟೋ ತೆಗೆಯುವವರು ಮೇಲಿನಿಂದ ಒಂದನ್ನೇ ತೆಗೆದು ಸೋಲುತ್ತಾರೆ. ಪಕ್ಕದಿಂದ ತೊಟ್ಟು ಸಹಿತ ಹೂವು, ಎಲೆಯ ಎರಡೂ ಬದಿ, ಗೆಣ್ಣು, ಬೀಜ ಇವೂ ಬೇಕು. ಬೀಜ ಬಲಿತಿಲ್ಲದಿದ್ದರೆ ಗಿಡಕ್ಕೆ ದಾರ ಕಟ್ಟಿ, ಕೆಲವು ದಿನ ಬಿಟ್ಟು ಬನ್ನಿ: ಗಾಳಿಗೆ ಹಾರುವ ಗರಿ ಬೀಜಕ್ಕಿದ್ದರೆ ಗಬ್ಬು ಸಾವಂತಿ, ಗರಿಯಿಲ್ಲದೆ ಹಸಿರು ಗುಂಡಿಯಂತೆ ಕೂತಿದ್ದರೆ ಗರಗ.